ವೀಲ್‌ಚೇರ್ ಕೊಟ್ಟರೆ ಮಗು ಸೋಮಾರಿಯಾಗುತ್ತಾ?

ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಮೈಕೈ ಹಿಡಿತಕ್ಕೆ ಸಿಗದ ಸ್ಥಿತಿ) ಇರುವ ಮಕ್ಕಳ ಅಪ್ಪ ಅಮ್ಮಂದಿರು ಬರೆಯುವ ಪತ್ರಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಪತ್ರ ಬರೆದವರ ಮೇಲೆ ಖಂಡಿತ ಅಲ್ಲ, ಅವರ ತಲೆಗೆ ಈ ಭಯ ತುಂಬಿದವರ ಮೇಲೆ. ಈ ಸಲ ಹೆಚ್ಚಿನ ಜಾಗ ಅದಕ್ಕೇ. ಕಾಯಿಲೆ ಏನು, ಯಾಕೆ ಬರುತ್ತದೆ ಅನ್ನುವುದನ್ನು ನಿಮ್ಮ ಡಾಕ್ಟರ್ ಹೇಳಿರುತ್ತಾರೆ, ಇಲ್ಲಿ ಬೇಡ.

ಪ್ರಶ್ನೆ: ಮಗನಿಗೆ ಏಳು ವರ್ಷ. ವಾಕರ್ ಹಿಡಿದು ಮನೆಯೊಳಗೆ ನಾಲ್ಕು ಹೆಜ್ಜೆ ಹಾಕುತ್ತಾನೆ. ಹೊರಗೆ ಹೋದರೆ ನಾನೇ ಎತ್ತಿಕೊಳ್ಳಬೇಕು. ಸ್ಕೂಲಿನವರು ವೀಲ್‌ಚೇರ್ ತನ್ನಿ ಅನ್ನುತ್ತಾರೆ. ಅದರಲ್ಲಿ ಕೂರಿಸಿಬಿಟ್ಟರೆ ಸೋಮಾರಿಯಾಗಿ ನಡೆಯುವುದನ್ನೇ ಬಿಡುತ್ತಾನೆ ಅಂತ ಮನೆಯವರೆಲ್ಲ ಹೆದರಿಸುತ್ತಾರೆ. ಏನು ಮಾಡಲಿ?

ಉತ್ತರ: ತನ್ನಿ. ಇನ್ನೂ ಮೊದಲೇ ತರಬೇಕಿತ್ತು.

ನಿಮ್ಮ ಮಗನಿಗೆ ನಡೆಯುವ ಆಸೆ ಬೇಕಾದಷ್ಟಿದೆ. ಸಡಿಲವಾಗಬೇಕಾದ ಹೊತ್ತಿಗೆ ಅವನ ಸ್ನಾಯು ಬಿಗಿಯುತ್ತದೆ, ತೊಂದರೆ ಅಲ್ಲಿದೆ. ಅಷ್ಟೇ ದೂರ ನಡೆಯೋಕೆ ಇಂಥ ಮಕ್ಕಳಿಗೆ ಉಳಿದ ಮಕ್ಕಳಿಗಿಂತ ಎರಡು ಮೂರು ಪಟ್ಟು ಶಕ್ತಿ ಖರ್ಚಾಗಬಹುದು. ಗೇಟಿನಿಂದ ಕ್ಲಾಸ್‌ರೂಮ್ ತಲುಪುವಷ್ಟರಲ್ಲಿ ಬೆವತು ಸುಸ್ತಾದ ಮಗು ಮೊದಲ ಪಿರಿಯಡ್‌ನಲ್ಲಿ ಏನು ಕಲಿಯುತ್ತದೆ ಹೇಳಿ.

ನಡಿಗೆ ಬಂದಮೇಲೆ ಉಳಿದದ್ದು ಅಂತ ಕಾಯುವವರು ಒಂದು ವಿಷಯ ತಿಳಿದಿರಬೇಕು. ಕೆನಡಾದಲ್ಲಿ 657 ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕೂರುವುದು, ನಿಲ್ಲುವುದು, ನಡೆಯುವುದು ಇವುಗಳಲ್ಲಿ ಮಗು ಮುಟ್ಟಬಹುದಾದ ಮಟ್ಟದ 100ಕ್ಕೆ ಸುಮಾರು 90 ಪಾಲು 5 ವರ್ಷದೊಳಗೇ ಬಂದಿರುತ್ತದೆ ಅಂತ ಅದರಲ್ಲಿ ಕಂಡಿತು. ತೊಂದರೆ ತೀವ್ರವಾಗಿದ್ದರೆ ಇನ್ನೂ ಬೇಗ. ಆಮೇಲೆ ವ್ಯಾಯಾಮ ಬೇಡ ಅಂತ ಇದರ ಅರ್ಥವಲ್ಲ. ನಡಿಗೆಗಾಗಿ ಕಾಯುತ್ತಾ ಸ್ಕೂಲು, ಗೆಳೆಯರು, ಆಟ ಎಲ್ಲವನ್ನೂ ಮುಂದಕ್ಕೆ ಹಾಕಬೇಡಿ ಅಂತ ಅಷ್ಟೇ.

ಚಿಕಿತ್ಸೆ ಕೊಡುವ ನಾವು ಈ ಮಕ್ಕಳ ಓಡಾಟವನ್ನು ಮೂರು ದೂರಗಳಲ್ಲಿ ನೋಡುತ್ತೇವೆ: 5 ಮೀಟರ್, 50 ಮೀಟರ್, 500 ಮೀಟರ್. ಮನೆಯೊಳಗೆ, ಸ್ಕೂಲಿನೊಳಗೆ, ಹೊರಗೆ. ಒಂದೇ ಮಗು ಮನೆಯಲ್ಲಿ ಅಂಬೆಗಾಲಿಟ್ಟು, ಸ್ಕೂಲಿನಲ್ಲಿ ವಾಕರ್ ಹಿಡಿದು, ಹೊರಗೆ ವೀಲ್‌ಚೇರ್‌ನಲ್ಲಿ ಓಡಾಡಬಹುದು. ನಾವು ದೂರದ ಊರಿಗೆ ಬಸ್ ಹತ್ತುತ್ತೇವೆ, ಅದರಿಂದ ನಡೆಯೋದು ಮರೆತುಹೋಗುತ್ತಾ? ಎರಡು ವರ್ಷ ತುಂಬದ ಮಕ್ಕಳಿಗೂ ಮೋಟಾರ್ ವೀಲ್‌ಚೇರ್ ಕೊಟ್ಟು ನೋಡಿದ್ದಾರೆ. ಅದರಿಂದ ಕೈಕಾಲಿನ ಬೆಳವಣಿಗೆ ಹಿಂದೆ ಬಿದ್ದದ್ದು ಕಂಡಿಲ್ಲ. ಎತ್ತಿಕೊಂಡ ಮಗು ನೀವು ಹೋದ ಕಡೆಗೆ ಹೋಗುತ್ತದೆ. ಚಕ್ರ ಕೈಗೆ ಸಿಕ್ಕ ಮಗು ಬಾಗಿಲಾಚೆ ಏನು ಸದ್ದು ಅಂತ ತಾನೇ ಹೋಗಿ ನೋಡಿ ಬರುತ್ತದೆ, ಬೇಜಾರಾದರೆ ನಿಮ್ಮಿಂದ ದೂರ ಹೋಗಿ ಕೂರುತ್ತದೆ. ಆ ಸ್ವಾತಂತ್ರ್ಯ ಏಳು ವರ್ಷದ ಹುಡುಗನಿಗೆ ಬೇಡವಾ? ನಿಮ್ಮ ಸೊಂಟದ ಬಗ್ಗೆ ನೀವು ಬರೆದಿಲ್ಲ. ನೋಯುತ್ತಿರುತ್ತದೆ ಅಂತ ನನಗೆ ಗೊತ್ತು.

ಆದರೆ ಸಿಕ್ಕಿದ ಕುರ್ಚಿ ತರಬೇಡಿ. ಇಲ್ಲಿ ನಾನು ತುಂಬಾ ಕಟ್ಟುನಿಟ್ಟು. ಅಂಗಡಿಯಲ್ಲಿ ಸಾಮಾನ್ಯವಾಗಿ ಕಾಣುವ ಮಡಚುವ ಕುರ್ಚಿಯ ವಿನ್ಯಾಸ 1933ರದು. ಎವರೆಸ್ಟ್ ಮತ್ತು ಜೆನ್ನಿಂಗ್ಸ್ ಎಂಬ ಇಬ್ಬರು ಇಂಜಿನಿಯರ್‌ಗಳು ಅದನ್ನು ಕಾರಿನಲ್ಲಿಡಲು ಅನುಕೂಲವಾಗುವಂತೆ ಮಾಡಿದರು. ದೊಡ್ಡವರ ಸೈಜಿನ ಅಂಥ ಕುರ್ಚಿಯಲ್ಲಿ ಪುಟ್ಟ ಮಗುವನ್ನು ಕೂರಿಸಿ ನೋಡಿ. ನಡುವೆ ಜೋಲುಬಿದ್ದ ಸೀಟಿನಲ್ಲಿ ಎರಡೂ ತೊಡೆ ಒಳಕ್ಕೆ ಹೊರಳುತ್ತವೆ. ಮೈ ಒಂದು ಕಡೆ ವಾಲುತ್ತದೆ. ಬೀಳದಿರಲು ಒಂದು ಕೈ ಸದಾ ಹಿಡಿಕೆ ಹಿಡಿದಿರುತ್ತದೆ, ಬರೆಯೋಕೆ ಆ ಕೈ ಬಿಡುವಾಗುವುದೇ ಇಲ್ಲ. ಬೆಳೆಯುವ ಮಗು ಅಲ್ವಾ, ದೊಡ್ಡದೇ ಇರಲಿ ಅನ್ನುವವರ ಮಾತಿಗೆ ಕಿವಿಗೊಡಬೇಡಿ.

ಸೀಟಿನ ಅಗಲ ಮಗುವಿನ ಸೊಂಟಕ್ಕೆ ಸರಿಯಾಗಿರಬೇಕು. ಬೆನ್ನು ಹಿಂದಕ್ಕೆ ತಾಗಿಸಿ ಕೂತಾಗ ಮಂಡಿಯ ಹಿಂಭಾಗಕ್ಕೂ ಸೀಟಿನ ಅಂಚಿಗೂ ಎರಡು ಬೆರಳಷ್ಟು ಜಾಗ ಬಿಡಿ. ಪೂರ್ತಿ ಪಾದ ಹಲಗೆಯ ಮೇಲೆ ಕೂತಿರಬೇಕು. ಬೆಲ್ಟ್ ಹೊಟ್ಟೆಗಿಂತ ಕೆಳಗೆ, ಸೊಂಟದ ಮೂಳೆಯ ಕೆಳಗಿನಿಂದ ಬರಬೇಕು. ಜಾರಬಾರದು ಅಂತ ಎದೆಗೆ ಬಟ್ಟೆ ಕಟ್ಟುವವರಿದ್ದಾರೆ. ದಯವಿಟ್ಟು ಬೇಡ. ಮಗು ಕೆಳಕ್ಕೆ ಜಾರಿದರೆ ಆ ಬಟ್ಟೆ ಕುತ್ತಿಗೆಗೆ ಸಿಕ್ಕಿಕೊಳ್ಳುತ್ತದೆ. ಅಳತೆ ತೆಗೆಯುವುದು ಫಿಸಿಯೋಥೆರಪಿಸ್ಟ್ ಅಥವಾ ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸ ತಾನೇ ಮಾಡಲು ಕಲಿಸುವವರು) ಕೆಲಸ, ಅಂಗಡಿಯವನದಲ್ಲ. ಮಗು ಬೆಳೆದ ಹಾಗೆ ಮತ್ತೆ ಅಳತೆ ಹಾಕಿಸಿ.

ಕುರ್ಚಿ ಬಂತು ಅಂತ ಇಡೀ ದಿನ ಅದರಲ್ಲೇ ಬಿಡಬೇಡಿ. ನಿಲ್ಲಿಸುವುದು, ವಾಕರ್, ನೆಲದ ಮೇಲಿನ ಆಟ ಎಲ್ಲ ನಡೆಯಲಿ. ಸೊಂಟದ ಎಕ್ಸ್‌ರೇ ಯಾವಾಗ ಅಂತ ಡಾಕ್ಟರನ್ನು ನೀವೇ ಕೇಳಿ. ತೊಂದರೆ ಅತಿ ತೀವ್ರವಾಗಿರುವ ಮಕ್ಕಳಲ್ಲಿ 100ಕ್ಕೆ ಸುಮಾರು 90 ಮಂದಿಗೆ ಸೊಂಟದ ಕೀಲು ತನ್ನ ಜಾಗದಿಂದ ಸರಿಯುವುದು ಕಂಡುಬಂದಿದೆ. ಶುರುವಿನಲ್ಲಿ ನೋವೇ ಇರುವುದಿಲ್ಲ. ಆಮೇಲೆ ಗೊತ್ತಾದಾಗ ಜನ ಕುರ್ಚಿಯನ್ನು ದೂರುತ್ತಾರೆ.

ಇನ್ನೊಂದು ಮಾತು. ಕುರ್ಚಿಯನ್ನು ಹಿಂದಿನಿಂದ ತಳ್ಳುವ ಮೊದಲು ಅವನನ್ನು ಕೇಳಿ. ಸ್ಕೂಲಿನವರಿಗೂ ಹೇಳಿ.

ಪ್ರಶ್ನೆ: ಆಕ್ಸಿಜನ್ ಚೇಂಬರ್, ಸ್ಟೆಮ್ ಸೆಲ್, ಮೂಳೆ ಸರಿಮಾಡುವ ವಿಶೇಷ ಎಣ್ಣೆ ಮಸಾಜ್, ಇವುಗಳಲ್ಲಿ ಯಾವುದು ಒಳ್ಳೆಯದು?

ಉತ್ತರ: ಯಾವುದೂ ಅಲ್ಲ. ಹೆಚ್ಚಿನ ಒತ್ತಡದಲ್ಲಿ ಆಕ್ಸಿಜನ್ ಉಸಿರಾಡಿಸುವ ಈ ಆಕ್ಸಿಜನ್ ಚೇಂಬರನ್ನು 111 ಮಕ್ಕಳ ಮೇಲೆ ಪರೀಕ್ಷಿಸಿ 2001ರಲ್ಲಿ ಫಲಿತಾಂಶ ಪ್ರಕಟಿಸಿದ್ದಾರೆ. ಸ್ವಲ್ಪ ಒತ್ತಡದ ಬರೀ ಗಾಳಿಗಿಂತ ಅದು ಮೇಲೇನೂ ಇರಲಿಲ್ಲ. ಸ್ಟೆಮ್ ಸೆಲ್ (ಬೇರೆ ಬೇರೆ ಜೀವಕೋಶವಾಗಿ ಬೆಳೆಯಬಲ್ಲ ಮೂಲ ಕೋಶ) ಚಿಕಿತ್ಸೆ ಇನ್ನೂ ಸಂಶೋಧನೆಯ ಹಂತದಲ್ಲಿದೆ, ಗ್ಯಾರಂಟಿ ಕೊಟ್ಟು ದುಡ್ಡು ಕೇಳುವವನ ಹತ್ತಿರ ಕೂರಬೇಡಿ. ಎಣ್ಣೆ ಹಚ್ಚಿದರೆ ಮೈಗೆ ಹಿತ, ಅಷ್ಟೇ. ಬಿಗಿದ ಕಾಲನ್ನು ಜೋರಾಗಿ ಎಳೆದು ಬಗ್ಗಿಸುವವರ ಕೈಗೆ ಮಾತ್ರ ಮಗುವನ್ನು ಕೊಡಬೇಡಿ. ಓಡಾಡದ ಮಕ್ಕಳ ಮೂಳೆ ತೆಳುವಾಗಿರುತ್ತದೆ, ಬೇಗ ಮುರಿಯುತ್ತದೆ.

ಪ್ರಶ್ನೆ: ಚಿತ್ರದ ಬೋರ್ಡ್ ತೋರಿಸಿ ಮಾತಾಡಲು ಕಲಿಸಿದರೆ ಬಾಯಿಮಾತು ಬರುವುದೇ ಇಲ್ಲವಂತೆ?

ಉತ್ತರ: ಸುಳ್ಳು. ವೀಲ್‌ಚೇರ್ ಭಯವೇ ಇಲ್ಲೂ ಇದೆ. ಇವತ್ತೇ ಶುರುಮಾಡಿ.

ಪ್ರಶ್ನೆ: ತಂಗಿಗೆ ಒಂಬತ್ತು ವರ್ಷ. ಅಣ್ಣನನ್ನು ಮುಂದೆ ಅವಳೇ ನೋಡಿಕೊಳ್ಳಬೇಕು. ಈಗಿನಿಂದಲೇ ಹೇಗೆ ತಯಾರು ಮಾಡುವುದು?

ಉತ್ತರ: ಮಾಡಬೇಡಿ. ಅವಳನ್ನು ಆಡೋಕೆ ಬಿಡಿ.

ಪ್ರಶ್ನೆ: ಮಗಳಿಗೆ ಕೂತರೆ ಕತ್ತು ನಿಲ್ಲುವುದಿಲ್ಲ. ಮಡಿಲಲ್ಲಿ ಮಲಗಿಸಿ ಊಟ ಮಾಡಿಸುತ್ತೇವೆ. ಯಾವಾಗಲೂ ಕೆಮ್ಮು.

ಉತ್ತರ: ಮಲಗಿಸಿ ತಿನ್ನಿಸುವುದನ್ನು ಇವತ್ತೇ ನಿಲ್ಲಿಸಿ. ತಲೆ ಹಿಂದಕ್ಕೆ ವಾಲಿದ್ದಾಗ ಅನ್ನನಾಳಕ್ಕೆ ಹೋಗಬೇಕಾದದ್ದು ಶ್ವಾಸನಾಳಕ್ಕೆ ಇಳಿಯಬಹುದು. ಮೈ ನೆಟ್ಟಗೆ, ತಲೆಗೆ ಆಸರೆ, ಗಲ್ಲ ಸ್ವಲ್ಪ ಕೆಳಗೆ ಇರಲಿ. ಸಣ್ಣ ತುತ್ತು ಕೊಡಿ, ನುಂಗಿದ ಮೇಲೆ ಮುಂದಿನದು. ಆಮೇಲೂ ಸುಮಾರು ಅರ್ಧ ಗಂಟೆ ಮಲಗಿಸಬೇಡಿ. ಊಟದ ಹೊತ್ತಿಗೆ ಕೆಮ್ಮು, ಗೊರಗೊರ ಉಸಿರು, ಮತ್ತೆ ಮತ್ತೆ ನ್ಯುಮೋನಿಯಾ ಇದ್ದರೆ ಬೇಗ ಡಾಕ್ಟರ್ ಹತ್ತಿರ ಹೋಗಿ ನುಂಗುವ ಪರೀಕ್ಷೆ ಮಾಡಿಸಿ. ಕೆಮ್ಮಿನ ಸಿರಪ್ ಕೊಟ್ಟು ಕಾಯುತ್ತಾ ಕೂರಬೇಡಿ.