ಆಲಮಟ್ಟಿ ಹಿನ್ನೀರಿನಲ್ಲಿ ಲಂಗರು ಜಾರುವುದಕ್ಕೆ

ಬಾಗಲಕೋಟೆ ಹತ್ತಿರ ಬೇಸಿಗೆಯಲ್ಲಿ ಗಟ್ಟಿ ನಿಂತ ನಿಮ್ಮ ಹಾಯಿದೋಣಿ ಜುಲೈನಲ್ಲಿ ಸರಿದು ಹೋಯಿತು, ಯಾಕೆ ಅಂತ ಬರೆದು ಕೇಳಿದ್ದೀರಿ. ತಪ್ಪು ಲಂಗರಿನದ್ದಲ್ಲ, ಹೆಚ್ಚಾಗಿ ಹಗ್ಗದ್ದು. ನೀವು ಹೇಳಿದ 4 ಮೀಟರ್ ನೀರಿಗೆ 20 ಮೀಟರ್ ಹಗ್ಗ ಹೇಗೋ ಸಾಕಾಗಿತ್ತು. ಈಗ 9 ಮೀಟರ್ ಅಂತೀರಿ. ಅದೇ ಹಗ್ಗಕ್ಕೆ ಎಳೆತ ಮೇಲ್ಮುಖವಾಗಿ ಲಂಗರು ಕಿತ್ತು ಬರುತ್ತದೆ.

ಮೊದಲು ಆಳಕ್ಕೆ ನೀರಿನಿಂದ ದೋಣಿಯ ಮೂತಿಯ ಎತ್ತರ ಸೇರಿಸಿ, ಐದರಿಂದ ಗುಣಿಸಿ. 9ಕ್ಕೆ 1 ಸೇರಿ 10, ಅಂದರೆ 50 ಮೀಟರ್ ಹಗ್ಗ. ಆಲಮಟ್ಟಿ ತುಂಬುವ ಮಟ್ಟ ಸಮುದ್ರಮಟ್ಟದಿಂದ 519.60 ಮೀಟರ್, ನಿಮ್ಮ ಜಾಗದ ಆಳವನ್ನು ಅದಕ್ಕೇ ಲೆಕ್ಕ ಹಾಕಿರಿ. ನೈಲಾನ್ ಹಗ್ಗವೇ ಇರಲಿ, ಹಿಗ್ಗಿ ಜಗ್ಗು ತಡೆಯುತ್ತದೆ. ತೇಲುವ ಪ್ಲಾಸ್ಟಿಕ್ ಹಗ್ಗ ಎಂಜಿನ್ನಿನ ಪಂಖಾಕ್ಕೆ ಸುತ್ತಿಕೊಳ್ಳುತ್ತದೆ. ಲಂಗರಿನ ಕಡೆ 5 ಮೀಟರ್ ಸರಪಳಿ, ಅದನ್ನು ಜೋಡಿಸುವ ಕೊಂಡಿಯ (ಶ್ಯಾಕಲ್) ಪಿನ್ನಿಗೆ ತಂತಿ ಬಿಗಿತ, ಅಂಚಿಗೆ ಉಜ್ಜುವಲ್ಲಿ ಹಳೇ ನೀರಿನ ಪೈಪು.

ಕಾಯಂ ನಿಲ್ಲಿಸಲು ಕಾಂಕ್ರೀಟ್ ದಿಮ್ಮಿಯನ್ನು ನಂಬಬೇಡಿ. 100 ಕಿಲೋದ್ದು ನೀರೊಳಗೆ ಸುಮಾರು 58 ಕಿಲೋ ಅಷ್ಟೇ. ತಳ ಎರಿ ಮಣ್ಣೋ ಕಲ್ಲೋ ನೀವು ಬರೆದಿಲ್ಲ. ಎರಿ ಕೆಸರಾದರೆ ಅಗಲ ಹಲ್ಲಿನ ಲಂಗರು. ಮುಳುಗಿದ ಹಳೇ ಗೋಡೆಗಳಿದ್ದರೆ ಲಂಗರಿನ ಹಲ್ಲುಗಳ ಬುಡಕ್ಕೆ ಬೇರೆ ಹಗ್ಗ ಕಟ್ಟಿ, ಅದರ ಮೇಲ್ತುದಿಗೆ ಖಾಲಿ ಡಬ್ಬಿ ತೇಲಿಬಿಡಿ, ಸಿಕ್ಕಿದರೆ ಅದನ್ನೇ ಜಗ್ಗಬೇಕು.

ಲಂಗರು ಇಳಿಸಿದ ಮೇಲೆ ಎಂಜಿನ್ ಹಿಂದಕ್ಕೆ ಹಾಕಿ, ದಡದ ಎರಡು ಗುರುತು ಒಂದೇ ಸಾಲಿಗೆ ಹಿಡಿದು ಎರಡು ನಿಮಿಷ ನೋಡ್ರಿ. ಸಾಲು ತಪ್ಪಿದರೆ ಲಂಗರು ಮತ್ತೆ ಹಾಕಬೇಕು.