ಮನೆ ಆರೈಕೆ ಮಾಡುವವರೂ ಸಂಘ ಕಟ್ಟಬಹುದು

ಅಕ್ಕಾ, ಏಜೆನ್ಸಿಯವರು ಹಾಸಿಗೆ ಹಿಡಿದವರ ಆರೈಕೆಯ ಹೊತ್ತು ಕಡಿಮೆ ಮಾಡುತ್ತಿದ್ದಾರೆ, ಕಲಬುರಗಿಯಲ್ಲಿ ನಮ್ಮಂಥವರು ಸಂಘ ಕಟ್ಟೋಕೆ ಆಗುತ್ತಾ ಅಂತ ಕೇಳಿದ್ದೀರಿ. ಖಂಡಿತ ಆಗುತ್ತೆ. ನೋಂದಣಿ ಅರ್ಜಿಗೆ ಕನಿಷ್ಠ 7 ಜನರ ಸಹಿ ಬೇಕು. ಕೆಲಸಗಾರರಲ್ಲಿ ಶೇ. 10 ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಸದಸ್ಯರೂ ಇರಬೇಕು. ಕಾರ್ಮಿಕ ಇಲಾಖೆ ಕಚೇರಿಯಲ್ಲಿ ವಿಚಾರಿಸಿ.

ಆದರೆ ಬರೀ ಸಂಬಳದ ಮಾತು ಎತ್ತಬೇಡಿ. ಮಲಗಿದಲ್ಲೇ ಇರುವವರನ್ನು ಸುಮಾರು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಸೊಂಟ, ಹಿಮ್ಮಡಿಯಲ್ಲಿ ಹುಣ್ಣಾಗುತ್ತೆ. ನಮ್ಮ ಕಡೆಯ ಬೇಸಿಗೆ ಬೆವರಿಗೆ ಇನ್ನೂ ಜಾಸ್ತಿ. ನೀವು ಬೇಗ ಎದ್ದು ಹೊರಟರೆ ಅವರನ್ನು ತಿರುಗಿಸುವವರು ಯಾರು? ಇದನ್ನು ಮನೆಯವರಿಗೆ ಬಿಡಿಸಿ ಹೇಳಿ, ಮನವಿಗೆ ಅವರ ಸಹಿಯನ್ನೂ ಹಾಕಿಸಿ.

2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಒಟ್ಟಾಗಿ ಕೂತಿದ್ದಕ್ಕೇ ಸರ್ಕಾರ ಮಾತುಕತೆಗೆ ಬಂತು, ಅಲ್ವಾ? ಸುಮ್ನೆ ಒಬ್ಬೊಬ್ಬರೇ ಏಜೆನ್ಸಿ ಬಾಗಿಲಿಗೆ ಹೋಗಬೇಡಿ ಅಕ್ಕಾ.