ಅಮೆರಿಕದ ಅಯೋವಾ ರಾಜ್ಯದ ಸಣ್ಣ ಊರಲ್ಲಿ ಮನೆ ಕೊಂಡಿದ್ದೇವೆ. ಪಕ್ಕದ ಮನೆಯಲ್ಲಿ ರೇಡಾನ್ ಕಡಿಮೆ ಬಂದಿದೆಯಂತೆ, ನಾವೂ ಪರೀಕ್ಷಿಸಬೇಕೆ?

ಖಂಡಿತ ಪರೀಕ್ಷಿಸಿ, ಪಕ್ಕದ ಮನೆಯ ಅಂಕಿ ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ. ರೇಡಾನ್ ಬಣ್ಣ, ವಾಸನೆ ಇಲ್ಲದ ವಿಕಿರಣಶೀಲ ಅನಿಲ. ಹಿಮನದಿಗಳು ತಂದು ಹಾಸಿದ ಅಲ್ಲಿನ ಮಣ್ಣಿನ ಯುರೇನಿಯಂನಿಂದ ಹುಟ್ಟುತ್ತದೆ. ಚಳಿಗಾಲದಲ್ಲಿ ಮನೆಯ ಬಿಸಿಗಾಳಿ ಮೇಲಿಂದ ಹೊರಹೋದಂತೆ ನೆಲಮಾಳಿಗೆ ಮಣ್ಣಿನ ಗಾಳಿಯನ್ನು ಒಳಗೆ ಹೀರುತ್ತದೆ. ಕಾಂಕ್ರೀಟಿನಲ್ಲಿ ಕೂದಲೆಳೆಯಷ್ಟು ಬಿರುಕು, ನೆಲಮಾಳಿಗೆಗೆ ಬಸಿದ ನೀರನ್ನು ಹೊರಹಾಕುವ ಸಂಪ್ ಪಂಪಿನ ಗುಂಡಿಯ ಅಂಚು ಸಾಕು. ಈ ಸಂದುಗಳು ಒಂದೊಂದು ಮನೆಗೂ ಬೇರೆ. ಅಯೋವಾದ 99 ಕೌಂಟಿಗಳೂ (ಜಿಲ್ಲೆಗಳೂ) ಅಮೆರಿಕ ಸರ್ಕಾರದ ನಕ್ಷೆಯಲ್ಲಿ ಅತಿ ಹೆಚ್ಚು ರೇಡಾನ್ ವಲಯದಲ್ಲೇ ಇವೆ.

ರೇಡಾನ್ ಹೀರಿಕೊಳ್ಳುವ ಇದ್ದಿಲಿನ ಪರೀಕ್ಷಾ ಕಿಟ್ ತಂದು ನೀವು ಬಳಸುವ ಅತಿ ಕೆಳಗಿನ ಅಂತಸ್ತಿನಲ್ಲಿಡಿ, 12 ಗಂಟೆ ಮೊದಲೇ ಕಿಟಕಿ ಮುಚ್ಚಿ. ಫಲಿತಾಂಶ ಲೀಟರ್ ಗಾಳಿಗೆ 4 ಪಿಕೊಕ್ಯೂರಿ (ವಿಕಿರಣಶೀಲತೆಯ ಅಳತೆ) ಮುಟ್ಟಿದರೆ ಮತ್ತೊಮ್ಮೆ ಅಳೆಯಿರಿ. ಆಗಲೂ ಅಷ್ಟೇ ಬಂದರೆ ನೆಲದಡಿಯ ಗಾಳಿಯನ್ನು ಪೈಪು, ಫ್ಯಾನಿನಿಂದ ಸೂರಿನಾಚೆ ಬಿಡಿಸಿ. ಮನೆಯಲ್ಲಿ ಸಿಗರೇಟು ಸೇದುವವರಿದ್ದರೆ ದಯವಿಟ್ಟು ತಡಮಾಡಬೇಡಿ, ಶ್ವಾಸಕೋಶದ ಕ್ಯಾನ್ಸರ್ ಅಪಾಯ ಅವರಿಗೆ ಬಹಳ ಹೆಚ್ಚು.